ಕರ್ನಾಟಕದ ಶಾಸನ ಪ್ರಾಕೃತ

ಶಾಸನ ಪ್ರಾಕೃತ ಎಂಬುದು ಕ್ರಿ.ಪೂ. 3ನೆಯ ಶತಮಾನದಿಂದ ಕ್ರಿ.ಶ. 4ನೆಯ ಶತಮಾನದವರೆಗೆ ಕರ್ನಾಟಕದಲ್ಲಿ ರಾಜಾಜ್ಞೆ, ದಾನ, ಸ್ಮಾರಕ ಮೊದಲಾದವುಗಳ ಬರವಣಿಗೆಗೆ ಬಳಕೆಯಾಗಿ, ಅನಂತರ ಆಡಳಿತದಿಂದ ಪೂರ್ತಿಯಾಗಿ ಮರೆಯಾದ ಮಧ್ಯ ಇಂಡೋ-ಆರ್ಯನ್ ಭಾಷಾರೂಪ. ಈ ಭಾಷೆಯ ಕೊನೆಯ ಘಟ್ಟದ ಅತ್ಯಂತ ಮುಖ್ಯ ಆಧಾರಗಳಲ್ಲೊಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿದೆ. ಅಲ್ಲಿನ ಒಂದೇ ಕಂಬದ ಮೇಲೆ ಚುಟು ವಂಶದ ಅರಸನದೊಂದು, ಕದಂಬ ಅರಸನದೊಂದು, ಹೀಗೆ ಎರಡು ಪ್ರಾಕೃತ ಶಾಸನಗಳಿವೆ. ಕಲ್ಲಿನ ಮೇಲೆ ಉಳಿದಿರುವುದು ಈ ಭಾಷೆಯ ಸಣ್ಣ ಪಾಲು. ಅದಕ್ಕಿಂತ ಎಷ್ಟೋ ದೊಡ್ಡ ಪಾಲು ತದ್ಭವಗಳಾಗಿ ಕನ್ನಡದ ದಿನಬಳಕೆಯ ಮಾತಿನಲ್ಲಿ ಸೇರಿಹೋಗಿದೆ.

ಪರಿಭಾಷೆ

‘ಪ್ರಾಕೃತ’ ಎಂಬುದು ಒಂದೇ ಭಾಷೆಯ ಹೆಸರಲ್ಲ. ವೇದಕಾಲದ ಆರ್ಯಭಾಷೆಗೂ ಹಿಂದಿ, ಮರಾಠಿಗಳಂಥ ಇಂದಿನ ಭಾಷೆಗಳಿಗೂ ನಡುವಣ ಹಂತದಲ್ಲಿದ್ದ ಹಲವು ಭಾಷಾರೂಪಗಳನ್ನು ಆ ಹೆಸರಿನಿಂದ ಕರೆಯುತ್ತಾರೆ. ಮಾಗಧಿ, ಶೌರಸೇನಿ, ಮಹಾರಾಷ್ಟ್ರಿ, ಅರ್ಧಮಾಗಧಿ ಇವು ನಾಟಕ, ಕಾವ್ಯ, ಧರ್ಮಗ್ರಂಥಗಳಲ್ಲಿ ಉಳಿದಿರುವ ಸಾಹಿತ್ಯ ಪ್ರಾಕೃತಗಳು. ಶಾಸನ ಪ್ರಾಕೃತವು ಇವುಗಳಲ್ಲಿ ಯಾವುದೊಂದರ ಜೊತೆಗೂ ಪೂರ್ತಿಯಾಗಿ ಹೊಂದುವುದಿಲ್ಲ. ವೈಯಾಕರಣರು ತಿದ್ದಿ ತೀಡಿದ ಭಾಷೆ ಅದಲ್ಲ. ಲಿಪಿಕಾರರ ಮತ್ತು ಕಚೇರಿಗಳ ಭಾಷೆ. ಹಳೆಯ ಕನ್ನಡ ಗ್ರಂಥಗಳಲ್ಲಿ ಪ್ರಾಕೃತಕ್ಕೆ ‘ಪಾಗದ’ ಎಂದೂ ಸಂಸ್ಕೃತಕ್ಕೆ ‘ಸಕ್ಕದ’ ಎಂದೂ ಹೆಸರಿದೆ. 9ನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಈ ಎರಡೂ ಮಾತುಗಳು ಬರುತ್ತವೆ. ಈ ಎರಡು ಹೆಸರುಗಳ ರೂಪವೂ ಪ್ರಾಕೃತದ ಉಚ್ಚಾರಣೆಯಿಂದಲೇ ಬಂದದ್ದು.

ಈ ಲೇಖನದಲ್ಲಿ ‘ಶಾಸನ ಪ್ರಾಕೃತ’ವೆಂದರೆ ಇಂದಿನ ಕರ್ನಾಟಕದ ಎಲ್ಲೆಯೊಳಗೆ ಸಿಕ್ಕಿರುವ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹಗಳು. ನೆರೆ ಪ್ರದೇಶದ ಬರಹಗಳನ್ನು ಅಗತ್ಯವಿದ್ದಷ್ಟು ಮಾತ್ರ ಹೇಳಿದೆ.

ಮೂಲ ಮತ್ತು ಆಗಮನ

ಕರ್ನಾಟಕದಲ್ಲಿ ಸಿಗುವ ಅತ್ಯಂತ ಹಳೆಯ ಓದಬಲ್ಲ ಬರಹಗಳು ಮೌರ್ಯ ದೊರೆ ಅಶೋಕನ ಶಾಸನಗಳು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅನಂತರ ರಾಯಚೂರು ಜಿಲ್ಲೆಯ ಮಸ್ಕಿ (1915), ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಕಲಬುರಗಿ ಜಿಲ್ಲೆಯ ಸನ್ನತಿ ಇವು ಪಟ್ಟಿಗೆ ಸೇರಿದವು. ಅಶೋಕನ ಹೆಸರನ್ನು ನೇರವಾಗಿ ಹೇಳಿ, ಈ ಶಾಸನಗಳಲ್ಲಿ ದೊರೆಯನ್ನು ಕರೆಯುವ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮಸ್ಕಿಯ ಶಾಸನ.

ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ‘ಇಸಿಲ’ದ ಮಹಾಮಾತ್ರರಿಗೆ ಕಳಿಸಿದ ಆಜ್ಞೆಯಾಗಿ ಮೊದಲಾಗುತ್ತದೆ, ಆಜ್ಞೆಗೆ ಮುಂಚೆ ಅವರ ಆರೋಗ್ಯವನ್ನು ವಿಚಾರಿಸುತ್ತದೆ. ಅದನ್ನು ಬರೆದವನು ಚಪಡ. ಉಳಿದುದೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಈ ಭಾಷೆಯನ್ನು ಕನ್ನಡ ನಾಡಿಗೆ ತಂದವರು ಎಂಥವರೆಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ಆಡಳಿತ, ಧರ್ಮಪ್ರಸಾರ ಮತ್ತು ವ್ಯಾಪಾರದ ದಾರಿಯಲ್ಲಿ ಬಂದ ಪ್ರಾಕೃತವು ಇಲ್ಲಿನ ಒಕ್ಕಲು ಮಕ್ಕಳ ಮನೆಮಾತಾಗಿತ್ತೆನ್ನಲು ಆಧಾರವಿಲ್ಲ. ‘ಇಸಿಲ’ ಎಂಬ ಊರ ಹೆಸರು ಕನ್ನಡದ್ದೇ ಎಂದು ಡಿ. ಎಲ್. ನರಸಿಂಹಾಚಾರ್ ವಾದಿಸಿದ್ದಾರೆ.

ಭಾಷೆಯ ರೂಪದಲ್ಲೂ ಈ ಹೊರಗಿನ ಮೂಲ ಕಾಣುತ್ತದೆ. ಬ್ರಹ್ಮಗಿರಿ ಪಾಠದ ‘ದೇವಾಣಂಪಿಯೇ’ ಎಂಬಲ್ಲಿ ಪ್ರಥಮಾ ವಿಭಕ್ತಿಗೆ ಏಕಾರ ಬಂದಿರುವುದು ಮಗಧದ ಕಡೆಯ ಲಕ್ಷಣ. ಆದರೆ ಮಗಧದ ಶಾಸನಗಳಲ್ಲಿ ರಕಾರಕ್ಕೆ ಲಕಾರ ಬರುತ್ತದೆ, ಣಕಾರ ಬಳಕೆಯಲ್ಲಿಲ್ಲ. ಬ್ರಹ್ಮಗಿರಿಯಲ್ಲಿ ರ, ಣ ಎರಡೂ ಉಳಿದಿವೆ. ಪಾಟಲಿಪುತ್ರದ ಕರಡನ್ನು ದಕ್ಷಿಣದ ಕಚೇರಿ ತನ್ನ ಉಚ್ಚಾರಣೆಗೆ ಒಗ್ಗಿಸಿಕೊಂಡಿತೆಂದೇ ಇದನ್ನು ಅರ್ಥಮಾಡಬೇಕು.

ಸಾತವಾಹನರ ಕಾಲ

ಮೌರ್ಯರ ಅನಂತರ ಸಾತವಾಹನರೂ ಅವರ ಅಧಿಕಾರಿಗಳೂ ಪ್ರಾಕೃತವನ್ನೇ ಮುಂದುವರಿಸಿದರು. ಸನ್ನತಿಯ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ದಾನಿಗಳ ಹೆಸರು, ಕೆತ್ತನೆಗಳ ವಿವರ ಹೇಳುವ ಕಿರುಬರಹಗಳು ಹೇರಳವಾಗಿ ಸಿಕ್ಕವು. ಅವುಗಳಲ್ಲಿ ಒಂದು, ರಾಣಿಯೊಡನೆ ನಿಂತ ದೊರೆಯ ಶಿಲ್ಪದ ಮೇಲೆ ಬರೆದ ‘ರಾಯೋ ಅಸೋಕೋ’ ಎಂಬ ಎರಡು ಪದ. ರಾಜನನ್ನು ‘ರಾಯ’ನೆಂದದ್ದು ಇಲ್ಲಿ ಗಮನಿಸಬೇಕಾದ್ದು, ಕನ್ನಡದ ರಾಯ, ಕೃಷ್ಣದೇವರಾಯ, ಹೆಸರಿನ ಕೊನೆಗೆ ಬರುವ ‘ರಾಯರು’ ಎಲ್ಲಕ್ಕೂ ಬುಡದಲ್ಲಿರುವುದು ಈ ಪ್ರಾಕೃತ ರೂಪ.

ಬನವಾಸಿಯಲ್ಲಿ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯ ನೆನಪಿಗೆ ನಿಲ್ಲಿಸಿದ ಪ್ರಾಕೃತ ಸ್ಮಾರಕ ಶಿಲೆ ದೊರೆತಿದೆ. ಬನವಾಸಿಯವರ ಹೆಸರು ದೂರದ ಊರುಗಳಲ್ಲೂ ಇದೇ ಭಾಷೆಯಲ್ಲಿ ಉಳಿದಿದೆ. ಪುಣೆಯ ಬಳಿಯ ಕಾರ್ಲೆ ಗುಹೆಯಲ್ಲಿ ‘ವೇಜಯಂತಿ’ಯ ಸೇಠಿ ಭೂತಪಾಲ ತಾನು ಮಾಡಿಸಿದ ಶಿಲಾಗೃಹವನ್ನು ಹೇಳಿಕೊಂಡಿದ್ದಾನೆ. ವೇಜಯಂತಿ ಅಂದರೆ ವೈಜಯಂತಿ, ಅಂದರೆ ಬನವಾಸಿ. ಸೇಠಿ ಅಂದರೆ ಇಂದಿನ ಸೆಟ್ಟಿ. ಆಂಧ್ರದ ನಾಗಾರ್ಜುನಕೊಂಡದ ಶಾಸನವೊಂದು ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು ಕೊಡಬಲಿಸಿರಿಯು ವನವಾಸದ ಮಹಾರಾಜನ ಮಡದಿಯೆಂದು ತಿಳಿಸುತ್ತದೆ. ಹೀಗೆ ಕೃಷ್ಣೆಯ ಕಣಿವೆಯಿಂದ ಸಹ್ಯಾದ್ರಿಯ ಘಟ್ಟದವರೆಗೆ ಅರಸರಿಗೂ ವರ್ತಕರಿಗೂ ಸಾಮಾನ್ಯವಾಗಿದ್ದ ಬರಹದ ಭಾಷೆ ಇದೊಂದೇ.

ಬನವಾಸಿಯ ನಾಗಶಿಲೆ

ಚುಟು ವಂಶದವರು ಸಾತವಾಹನರ ಅನಂತರ ಬನವಾಸಿಯಿಂದ ಆಳಿದರು. ಅವರ ಭಾಷೆಯನ್ನು ಹತ್ತಿರದಿಂದ ನೋಡಲು ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲೆಯ ಬರಹಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿಯ 12ನೆಯ ವರ್ಷ, ಹೇಮಂತದ 7ನೆಯ ಪಕ್ಷ, 1ನೆಯ ದಿವಸ ಎಂದು ಅದರ ಕಾಲವನ್ನು ಹೇಳಿದೆ. ಅಂದು ಮಹಾರಾಜನ ಮಗಳು ಶಿವಖಂದನಾಗಸಿರಿ ನಾಗ, ತಟಾಕ ಮತ್ತು ವಿಹಾರವನ್ನು ದಾನ ಮಾಡಿದಳು. ಕೆಲಸದ ಉಸ್ತುವಾರಿ ನೋಡಿಕೊಂಡವನು ಅಮಾತ್ಯ ಖದಸಾತಿ. ನಾಗವನ್ನು ಕೆತ್ತಿದವನು ಆಚಾರ್ಯ ಇದಮೋರಕನ ಶಿಷ್ಯ ನಟಕ. ಹೆಡೆಯೆತ್ತಿದ ನಾಗನನ್ನು ಕೆತ್ತಿದ ಶಿಲ್ಪಿಯ ಹೆಸರೂ ಅವನ ಗುರುವಿನ ಹೆಸರೂ ಉಳಿದಿರುವುದರಿಂದ ಕರ್ನಾಟಕದಲ್ಲಿ ಹೆಸರು ತಿಳಿದಿರುವ ಅತಿ ಹಳೆಯ ಶಿಲ್ಪಿಗಳ ಸಾಲಿಗೆ ನಟಕ ಸೇರುತ್ತಾನೆ.

ಇಡೀ ವ್ಯಾಕರಣದ ಸಾರ ಈ ನಾಲ್ಕಾರು ಸಾಲುಗಳಲ್ಲಿದೆ. ‘ಅಮಾತ್ಯ’ವು ‘ಅಮಚೋ’ ಆಗಿದೆ: ತ್ಯಕಾರ ಚ್ಚಕಾರವಾಗಿ, ಹಿಂದಿನ ದೀರ್ಘ ಹ್ರಸ್ವವಾಗಿ, ಕೊನೆಯ ವಿಸರ್ಗ ಓಕಾರವಾಗಿದೆ. ‘ಶಿಷ್ಯೇಣ’ ಎಂಬುದು ‘ಸಿಸೇನ’ ಆಗಿ ಶ, ಷ ಎರಡೂ ಸಕಾರದಲ್ಲಿ ಲೀನವಾಗಿವೆ. ‘ಕೃತಃ’ ಎಂಬುದು ‘ಕತೋ’ ಆಗಿ ಋಕಾರ ಇಲ್ಲವಾಗಿದೆ. ‘ದೇಯಧರ್ಮ’ ಎಂಬುದು ‘ದೇಯಧಮ್ಮ’ವಾಗಿದೆ. ‘ಇಂದ್ರಮಯೂರಕ’ನೆಂಬ ಗುರುವಿನ ಹೆಸರು ‘ಇದಮೋರಕ’ನೆಂದಾಗಿದೆ, ನವಿಲಿಗೆ ಉತ್ತರದ ಭಾಷೆಗಳಲ್ಲಿ ಇಂದಿಗೂ ಹೇಳುವ ‘ಮೋರ್’ ಇಲ್ಲೇ ಕಾಣುತ್ತಿದೆ. ಅಮಚ, ಸಿಸ, ಪುತ ಎಂದು ಒಂದೇ ವ್ಯಂಜನ ಬರೆದಿದ್ದರೂ ಓದುವಾಗ ಅಮಚ್ಚ, ಸಿಸ್ಸ, ಪುತ್ತ ಎಂದೇ ಓದಬೇಕು. ದ್ವಿತ್ವವನ್ನು ಬರೆಯದಿರುವುದು ಆ ಕಾಲದ ಬರವಣಿಗೆಯ ರೂಢಿ.

ಮಳವಳ್ಳಿಯ ಕಂಬ

ಮಳವಳ್ಳಿಯ ಕಲ್ಲೇಶ್ವರ ದೇವಾಲಯದ ಮುಂದಿನ ಕಂಬದ ಶಾಸನಗಳನ್ನು ರೈಸ್ 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿಕಾರಿಪುರ 263 ಮತ್ತು 264 ಎಂಬ ಸಂಖ್ಯೆಗಳಲ್ಲಿ ಕೊಟ್ಟಿದ್ದಾರೆ.

ಮೊದಲನೆಯದರಲ್ಲಿ ವೇಜಯಂತೀಪುರದ ರಾಜ, ಮಾನವ್ಯ ಗೋತ್ರದ ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಸಾತಕಣ್ಣಿಯು ಮಹಾವಲ್ಲಭ ರಜ್ಜುಕನಿಗೆ ಆಜ್ಞೆ ಮಾಡುತ್ತಾನೆ. ಮಳಪಳಿದೇವರ ಭೋಗಕ್ಕಾಗಿ ಕೌಂಡಿನ್ಯ ಗೋತ್ರದ ಬ್ರಾಹ್ಮಣನೊಬ್ಬನಿಗೆ ಭೂಮಿಯನ್ನು ಬ್ರಹ್ಮದೇಯವಾಗಿ ಕೊಟ್ಟದ್ದು ಅದರ ವಿಷಯ. ‘ರಜ್ಜುಕ’ ಅಶೋಕನ ಶಾಸನಗಳಲ್ಲೇ ಬರುವ ಅಧಿಕಾರಿ. ರಜ್ಜು ಅಂದರೆ ಹಗ್ಗ, ಹೊಲ ಅಳೆಯುವ ಹಗ್ಗದಿಂದ ಈ ಹುದ್ದೆಯ ಹೆಸರು ಬಂದಿದೆಯೆಂದು ವಿದ್ವಾಂಸರು ವಿವರಿಸುತ್ತಾರೆ. ಮೌರ್ಯರು ಹೋಗಿ ಐದು ಶತಮಾನವಾದ ಮೇಲೂ ಮಲೆನಾಡಿನ ಅಂಚಿನ ಹಳ್ಳಿಯೊಂದರಲ್ಲಿ ಅದೇ ಹುದ್ದೆ, ಅದೇ ಹೆಸರು ಬಳಕೆಯಲ್ಲಿತ್ತು. ಈ ಶಾಸನದ ತೂಕವಿರುವುದು ಇಲ್ಲಿ. ಪ್ರಾಕೃತ ಬರಿಯ ಭಾಷೆಯಾಗಿ ಬರಲಿಲ್ಲ, ಒಂದು ಆಡಳಿತದ ಕಟ್ಟಾಗಿ ಬಂದು ನೆಲೆಯೂರಿತ್ತು.

ಎರಡನೆಯದು ಕದಂಬ ರಾಜನದು. ಅವನ ಹೆಸರು ಶಾಸನದಲ್ಲಿಲ್ಲ; ಮಯೂರಶರ್ಮನೇ ಇರಬೇಕೆಂಬುದು ಹಲವರ ಅಭಿಪ್ರಾಯ. ಹಿಂದೆ ಶಿವಖದವಮ್ಮನೆಂಬ, ಮಾನವ್ಯ ಗೋತ್ರದ ಹಾರಿತೀಪುತ್ರ ವೈಜಯಂತೀಪತಿ ಕೊಟ್ಟಿದ್ದ ದತ್ತಿಯು ಕೈಬಿಟ್ಟುಹೋಗಿದ್ದುದನ್ನು ತಿಳಿದು ಕದಂಬ ರಾಜ ಅದನ್ನು ಮತ್ತೆ ಕೊಡುತ್ತಾನೆ. ದತ್ತಿಯ ಹಳ್ಳಿಗಳ ಪಟ್ಟಿಯಲ್ಲಿ ಸೋಮಪಟ್ಟಿ, ವೇಗೂರ ಮೊದಲಾದ ಹೆಸರುಗಳಿವೆ. ವಾಕ್ಯ ಪ್ರಾಕೃತ, ಊರುಗಳು ಕನ್ನಡ. ‘ಊರು’ ಎಂಬ ಪದ ಪ್ರಾಕೃತ ಪ್ರತ್ಯಯ ಹೊತ್ತು ಕಲ್ಲಿನ ಮೇಲೆ ಕುಳಿತಿರುವುದು ಅಲ್ಲಿನ ಜನ ಏನು ಮಾತಾಡುತ್ತಿದ್ದರೆಂಬ ಪ್ರಶ್ನೆಗೆ ಯಾವ ವಾದಕ್ಕಿಂತಲೂ ನೇರವಾದ ಉತ್ತರ.

ಕದಂಬ ಅರಸನಿಗೆ ಇಲ್ಲಿ ಕೊಟ್ಟ ವಿಶೇಷಣವೊಂದು ಮುಂದೆ ಅವರ ಸಂಸ್ಕೃತ ತಾಮ್ರಪಟಗಳಲ್ಲಿ ‘ಪ್ರತಿಕೃತ ಸ್ವಾಧ್ಯಾಯ ಚರ್ಚಾಪಾರ’ ಎಂದು ಮತ್ತೆ ಮತ್ತೆ ಬರುತ್ತದೆ. ಮಳವಳ್ಳಿಯಲ್ಲಿ ಅದು ಪ್ರಾಕೃತದಲ್ಲಿದ್ದು ಸ್ವಾಧ್ಯಾಯ ‘ಸಜ್ಝಾಯ’ವಾಗಿಯೂ ಚರ್ಚಾ ‘ಚಚ್ಚಾ’ ಆಗಿಯೂ ಇವೆ. ಮಾನವ್ಯ ಗೋತ್ರ, ಹಾರಿತೀಪುತ್ರ ಎಂಬ ಬಿರುದುಗಳು ಚುಟುಗಳಿಂದ ಕದಂಬರಿಗೂ ಅವರಿಂದ ಬಾದಾಮಿಯ ಚಾಳುಕ್ಯರಿಗೂ ಸಾಗಿದವು. ಭಾಷೆ ಬದಲಾದರೂ ಬಿರುದು ಬದಲಾಗಲಿಲ್ಲ. ಊರ ಹೆಸರಿನ ಮಟ್ಟಿಗೆ, ಶಾಸನದ ‘ಮಳಪಳಿ’ಯಲ್ಲಿದ್ದ ನಡುವಣ ಪಕಾರ ವಕಾರವಾಗಿ ‘ಮಳವಳ್ಳಿ’ ಆಗಿದೆ.

ಚಂದ್ರವಳ್ಳಿ ಮತ್ತು ಹಿರೇಹಡಗಲಿ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ದೇವಾಲಯದ ಪಕ್ಕದ ಬಂಡೆಯ ಮೇಲೆ ಮಯೂರಶರ್ಮನ ಮೂರು ಸಾಲಿನ ಪ್ರಾಕೃತ ಶಾಸನವಿದೆ. ಎಂ. ಎಚ್. ಕೃಷ್ಣ ಅದನ್ನು ಓದಿ 1929ರ ಮೈಸೂರು ಪುರಾತತ್ವ ವರದಿಯಲ್ಲಿ ಪ್ರಕಟಿಸಿದರು. ಕದಂಬ ಮಯೂರಸಮ್ಮನು ಕೆರೆ ಕಟ್ಟಿಸಿದನೆಂದು ಹೇಳಿ, ತ್ರೇಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸಯಿಂದಕ, ಪುಣಾಟ, ಮೊಕರಿಗಳ ಹೆಸರನ್ನು ಅದು ಪಟ್ಟಿ ಮಾಡುತ್ತದೆ. ಬರಹ ಸವೆದಿರುವುದರಿಂದ ಈ ಹೆಸರುಗಳಲ್ಲಿ ಕೆಲವನ್ನು ಹೇಗೆ ಓದಬೇಕೆಂಬ ಬಗ್ಗೆ ಒಮ್ಮತವಿಲ್ಲ. ‘ವಿನಿರ್ಮಿತಂ’ ಎಂಬುದು ಇಲ್ಲಿ ‘ವಿಣಿಮ್ಮಿಅಂ’ ಎಂದಾಗಿ ನಡುವಣ ತಕಾರವೇ ಬಿದ್ದುಹೋಗಿದೆ. ಸಾಹಿತ್ಯದ ಮಹಾರಾಷ್ಟ್ರಿ ಪ್ರಾಕೃತಕ್ಕೆ ಹತ್ತಿರವಾದ ಲಕ್ಷಣವಿದು.

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಸಾತಾಹನಿರಟ್ಠದ ಹಳ್ಳಿಯೊಂದರ ದತ್ತಿಯನ್ನು ಪ್ರಾಕೃತದಲ್ಲಿ ದೀರ್ಘವಾಗಿ ವಿವರಿಸಿ, ಗೋವು, ಬ್ರಾಹ್ಮಣ, ಬರೆದವ, ಓದುವವ, ಕೇಳುವವ ಎಲ್ಲರಿಗೂ ಒಳಿತಾಗಲೆಂಬ ಕೊನೆಯ ಹರಕೆಯನ್ನು ಮಾತ್ರ ಸಂಸ್ಕೃತದಲ್ಲಿ ಹೇಳುತ್ತವೆ. ಸಂಸ್ಕೃತ ಶಾಸನದೊಳಗೆ ಕಾಲಿಟ್ಟದ್ದು ಹೀಗೆ, ಕೊನೆಯ ಸಾಲಿನ ಮಂಗಳವಾಕ್ಯವಾಗಿ.

ಭಾಷಾರಚನೆ

ಮೇಲಿನ ಉದಾಹರಣೆಗಳಲ್ಲಿ ಬಂದುದನ್ನು ಬಿಟ್ಟು ಉಳಿದ ಲಕ್ಷಣಗಳನ್ನಷ್ಟೇ ಹೇಳಬಹುದು. ಐ, ಔ ಎಂಬ ಸ್ವರಗಳು ಏ, ಓ ಆಗುತ್ತವೆ. ವೈಜಯಂತಿ ವೇಜಯಂತಿಯಾಗುವುದು ಇದರಿಂದ. ಪದದ ಕೊನೆಯಲ್ಲಿ ವ್ಯಂಜನ ನಿಲ್ಲುವುದಿಲ್ಲ. ದ್ವಿವಚನವಿಲ್ಲ. ಚತುರ್ಥೀ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಷಷ್ಠಿಯೇ ಮಾಡುತ್ತದೆ. ಸಂಯುಕ್ತಾಕ್ಷರಗಳಲ್ಲಿ ಒಂದು ವ್ಯಂಜನ ಇನ್ನೊಂದರಂತಾಗಿ ದ್ವಿತ್ವ ಉಂಟಾಗುತ್ತದೆ: ಕರ್ಣ ಕಣ್ಣ, ಪುತ್ರ ಪುತ್ತ, ಗೋತ್ರ ಗೋತ್ತ. ಕಾಲವನ್ನು ಋತು, ಪಕ್ಷ, ದಿವಸಗಳಿಂದ ಎಣಿಸುತ್ತಾರೆ. ಗ್ರೀಷ್ಮ, ವರ್ಷ, ಹೇಮಂತ ಎಂಬ ಮೂರೇ ಋತುಗಳು, ಒಂದೊಂದಕ್ಕೆ ಎಂಟು ಪಕ್ಷಗಳು.

ವ್ಯಂಜನಗಳ ಈ ಸಮೀಕರಣ ಎಷ್ಟು ಹಳೆಯದೆಂಬ ಚರ್ಚೆಯಲ್ಲಿ ಬಹುದೂರದ ಸಾಕ್ಷಿಯೊಂದನ್ನು ತರುವುದುಂಟು. ಇಂದಿನ ಟರ್ಕಿಯಲ್ಲಿದ್ದ ಹಿಟ್ಟೈಟ್ ರಾಜಧಾನಿ ಹತ್ತೂಷದ ಮಣ್ಣಿನ ಫಲಕಗಳಲ್ಲಿ ಮಿತನ್ನಿ ದೇಶದ ಕಿಕ್ಕುಲಿ ಎಂಬವನ ಕುದುರೆ ಪಳಗಿಸುವ ಕೈಪಿಡಿಯಿದೆ. ಬರಹ ಹಿಟ್ಟೈಟ್ ಭಾಷೆಯದು; ಆದರೆ ಸುತ್ತುಗಳ ಲೆಕ್ಕಕ್ಕೆ ಬರುವ ಐಕ, ತೇರ, ಪಂಜ, ಸತ್ತ ಎಂಬ ಸಂಖ್ಯಾಪದಗಳು ಆರ್ಯಭಾಷೆಯವು. ‘ಸಪ್ತ’ದ ಬದಲು ‘ಸತ್ತ’ ಎಂದಿರುವುದು ಪ್ರಾಕೃತದ ‘ಸತ್ತ’ವನ್ನೇ ಹೋಲುತ್ತದೆ. ಅದು ಪ್ರಾಕೃತದಂಥ ಬದಲಾವಣೆಯೋ ಮಿತನ್ನಿಯ ಹುರ್ರಿಯನ್ ಭಾಷೆಯ ಪ್ರಭಾವವೋ ಎಂಬುದು ಇತ್ಯರ್ಥವಾಗಿಲ್ಲ. ಹಿಟ್ಟೈಟ್ ಮತ್ತು ಅದರ ಸೋದರ ಭಾಷೆಗಳಾದ ಲೂವಿಯನ್, ಲಿಸಿಯನ್‌ಗಳು ಸಂತತಿಯಿಲ್ಲದೆ ಅಳಿದವು. ಪ್ರಾಕೃತದ ಗತಿ ಹಾಗಾಗಲಿಲ್ಲ. ಉತ್ತರದಲ್ಲಿ ಅದು ಮಕ್ಕಳನ್ನು ಬಿಟ್ಟುಹೋಯಿತು, ಕರ್ನಾಟಕದಲ್ಲಿ ಪದಗಳನ್ನು.

ಅವಸಾನ

ಕರ್ನಾಟಕದಲ್ಲಿ ಪ್ರಾಕೃತ ಶಾಸನಗಳು ನಿಂತದ್ದು ಅಚ್ಚರಿಯಾಗುವಷ್ಟು ಬೇಗ. ಸುಮಾರು ಆರು ಶತಮಾನ ಬೇರೊಂದು ಭಾಷೆಗೆ ಎಡೆಗೊಡದೆ ನಡೆದ ಬಳಕೆ 4ನೆಯ ಶತಮಾನದ ನಡುವಿನಿಂದ ಮೂರು ನಾಲ್ಕು ತಲೆಮಾರಿನೊಳಗೆ ಮುಗಿಯಿತು. ಈ ಬದಲಾವಣೆಯನ್ನು ಪೂರ್ತಿಯಾಗಿ ಶಿಕಾರಿಪುರ ತಾಲ್ಲೂಕೊಂದರಲ್ಲೇ ನೋಡಬಹುದು. ಮಳವಳ್ಳಿಯ ಕದಂಬ ಶಾಸನ ಪ್ರಾಕೃತ. ಅದೇ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನ, ಅದೇ ಕದಂಬ ವಂಶದ್ದು, 5ನೆಯ ಶತಮಾನದ ನಡುವಿನದು, ಕುಬ್ಜ ಕವಿ ರಚಿಸಿದ ಅಚ್ಚ ಸಂಸ್ಕೃತ ಕಾವ್ಯ. ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದುದನ್ನು ಹೇಳುವ ಅದನ್ನು ಕೆತ್ತಿಸಿದ್ದು ಅವನ ಮಗ ಶಾಂತಿವರ್ಮನ ಕಾಲದಲ್ಲಿ. ಹಿಂದೆ ಸಾತಕರ್ಣಿ ಮೊದಲಾದವರು ಆ ದೇವಾಲಯದಲ್ಲಿ ಪೂಜಿಸಿದ್ದರೆಂದು ಆ ಶಾಸನವೇ ನೆನೆಯುತ್ತದೆ. ಅವರ ಭಾಷೆಯನ್ನು ಮಾತ್ರ ಮುಂದುವರಿಸಿಲ್ಲ.

ಅದೇ ತಾಳಗುಂದದ ಉತ್ಖನನದಲ್ಲಿ 2013-14ರಲ್ಲಿ ದೊರೆತ ಸಿಂಹಕಟಾಂಜನದ (ಸಿಂಹದ ಕೆತ್ತನೆಯ ಅಡ್ಡಗಟ್ಟೆಯ) ಮೇಲಿನ ಬರಹದಲ್ಲಿ ಸಂಸ್ಕೃತದೊಂದಿಗೆ ಕನ್ನಡವೂ ಇದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಹೇಳಿದೆ. ಈ ಕಾಲನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ (ಸು. 450) ಕನ್ನಡದಲ್ಲಿದೆ. ಅಂದರೆ ಪ್ರಾಕೃತ ಬಿಟ್ಟ ಜಾಗವನ್ನು ಎರಡು ಭಾಷೆಗಳು ಹಂಚಿಕೊಂಡವು: ಪ್ರಶಸ್ತಿ ಮತ್ತು ವಂಶಾವಳಿಗೆ ಸಂಸ್ಕೃತ, ನೆಲ ಗದ್ದೆಗಳ ವಿವರಕ್ಕೆ, ಊರ ಜನಕ್ಕೆ ತಿಳಿಯಬೇಕಾದ ಭಾಗಕ್ಕೆ ಕನ್ನಡ. ಪ್ರಾಕೃತದ ಅವಸಾನವನ್ನು ಸಂಸ್ಕೃತದ ಗೆಲುವೆಂದಷ್ಟೇ ಬರೆಯುವ ರೂಢಿ ಅರ್ಧ ಸತ್ಯವನ್ನೇ ಹೇಳುತ್ತದೆ. ಬೌದ್ಧ ವಿಹಾರಗಳಿಗೂ ವರ್ತಕ ಶ್ರೇಣಿಗಳಿಗೂ ಇದ್ದ ಪ್ರಾಶಸ್ತ್ಯ ಕಡಿಮೆಯಾಗಿ ಬ್ರಹ್ಮದೇಯ, ಅಗ್ರಹಾರಗಳು ಹೆಚ್ಚಿದಾಗ ಅರಸರಿಗೆ ಸಂಸ್ಕೃತ ಬೇಕಾಯಿತು. ಸ್ಥಳೀಯ ಅರಸುತನ ಗಟ್ಟಿಯಾದಂತೆ ನೆಲದ ಭಾಷೆಯೂ ಬೇಕಾಯಿತು. ನಡುವೆ ನಿಂತಿದ್ದ ಪ್ರಾಕೃತಕ್ಕೆ ಕೆಲಸ ಉಳಿಯಲಿಲ್ಲ.

ಕನ್ನಡದಲ್ಲಿ ಉಳಿಕೆ

ಶಾಸನಗಳಿಂದ ಮರೆಯಾದ ಭಾಷೆ ಪದಗಳಾಗಿ ಉಳಿದ ಬಗೆ ಈ ವಿಷಯದ ಅತ್ಯಂತ ಸಮೃದ್ಧ ಭಾಗ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ಪದಗಳಿಗೆ ಸೂತ್ರ ಹೇಳಿದ್ದಾನೆ. ಅವನೂ ಅವನನ್ನು ಅನುಸರಿಸಿದ ಇಂದಿನ ಶಾಲಾ ವ್ಯಾಕರಣಗಳೂ ಸಂಸ್ಕೃತ ಪದವನ್ನು ಒಂದು ಕಡೆ, ಕನ್ನಡ ತದ್ಭವವನ್ನು ಇನ್ನೊಂದು ಕಡೆ ಇಡುತ್ತವೆ. ನಡುವಣ ಪ್ರಾಕೃತದ ಮೆಟ್ಟಿಲು ಅಲ್ಲಿಲ್ಲ. ಇದರಿಂದ ತದ್ಭವವೆಂದರೆ ಕನ್ನಡಿಗರ ಬಾಯಲ್ಲಿ ಕೆಟ್ಟ ಸಂಸ್ಕೃತವೆಂಬ ತಪ್ಪು ತಿಳಿವಳಿಕೆ ಬೇರೂರಿದೆ. ಇವುಗಳಲ್ಲಿ ಬಹುಪಾಲು ಪದಗಳು ಕನ್ನಡಕ್ಕೆ ಬರುವ ಮುಂಚೆಯೇ ಪ್ರಾಕೃತದಲ್ಲಿ ರೂಪಗೊಂಡಿದ್ದವು.

ಬದಲಾವಣೆಯ ಎರಡು ಪದರಗಳನ್ನು ಬೇರ್ಪಡಿಸಿದರೆ ಇದು ಸ್ಪಷ್ಟವಾಗುತ್ತದೆ. ಸಂಯುಕ್ತಾಕ್ಷರವನ್ನು ದ್ವಿತ್ವವಾಗಿಸುವುದು, ಋಕಾರವನ್ನು ತೊಡೆಯುವುದು, ಪದದ ಮೊದಲ ಯಕಾರವನ್ನು ಜಕಾರ ಮಾಡುವುದು ಪ್ರಾಕೃತದ ಕೆಲಸ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುವುದು, ಮೊದಲ ವಕಾರವನ್ನು ಬಕಾರ ಮಾಡುವುದು, ಮುಂದೆ ಪಕಾರವನ್ನು ಹಕಾರ ಮಾಡುವುದು ಕನ್ನಡದ ಕೆಲಸ. ‘ವೃದ್ಧಿ’ಯನ್ನು ‘ವಡ್ಢಿ’ ಮಾಡಿದ್ದು ಪ್ರಾಕೃತ, ‘ಬಡ್ಡಿ’ ಮಾಡಿದ್ದು ಕನ್ನಡ. ‘ಪಕ್ಷಿ’ ಪ್ರಾಕೃತದಲ್ಲಿ ‘ಪಕ್ಖಿ’, ಹಳಗನ್ನಡದಲ್ಲಿ ‘ಪಕ್ಕಿ’, ಇಂದು ‘ಹಕ್ಕಿ’. ಹೀಗೆಯೇ ಅಕ್ಷರ–ಅಕ್ಖರ–ಅಕ್ಕರ, ವರ್ಣ–ವಣ್ಣ–ಬಣ್ಣ, ವಿದ್ಯಾ–ವಿಜ್ಜಾ–ಬಿಜ್ಜೆ, ಪರ್ವ–ಪವ್ವ–ಹಬ್ಬ, ಸಂಧ್ಯಾ–ಸಂಝಾ–ಸಂಜೆ, ವಾಪೀ–ವಾವೀ–ಬಾವಿ, ಆಜ್ಞಾ–ಆಣಾ–ಆಣೆ, ಚೂರ್ಣ–ಚುಣ್ಣ–ಸುಣ್ಣ.

ಕಸುಬಿನ ಹೆಸರುಗಳಲ್ಲಿ ಪ್ರಾಕೃತ ಎದ್ದು ಕಾಣುತ್ತದೆ. ಕುಂಬಾರ (ಕುಂಭಕಾರ–ಕುಂಭಾರ), ಬಡಗಿ (ವರ್ಧಕಿ–ವಡ್ಢಇ), ಸೆಟ್ಟಿ (ಶ್ರೇಷ್ಠಿ–ಸೆಟ್ಠಿ) ಎಲ್ಲವೂ ಆ ದಾರಿಯವು. ಕಬ್ಬಿಣ ಕಾಯಿಸಿ ಬಡಿಯುವವನನ್ನು ಕರೆಯುವ ‘ಕಮ್ಮಾರ’ ಎಂಬುದು ‘ಕರ್ಮಾರ’ದಿಂದ ಬಂದ ಪ್ರಾಕೃತ ಪದ, ಪಾಲಿಯಲ್ಲೂ ಅಕ್ಷರವೊಂದೂ ಬದಲಾಗದೆ ‘ಕಮ್ಮಾರ’ ಎಂದೇ ಇದೆ. ಸಾಗರ, ಸೊರಬ ಕಡೆಯ ದೀವರ ಹೆಂಗಸರು ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ‘ಚಿತ್ತಾರ’ದಲ್ಲಿ ಚಿತ್ರ ‘ಚಿತ್ತ’ವಾದ ಪ್ರಾಕೃತ ರೂಪವಿದೆ. ‘ಗೌಡ’ ಎಂಬುದು ಶಾಸನಗಳ ‘ಗಾಮುಂಡ, ಗಾವುಂಡ’ದಿಂದ ಬಂದದ್ದು, ಅದಕ್ಕೆ ‘ಗ್ರಾಮಕೂಟ’ದ ಪ್ರಾಕೃತ ರೂಪ ಮೂಲವೆಂಬುದು ಒಂದು ಮುಖ್ಯ ವಾದ, ನಿರ್ಣಯವಲ್ಲ.

ಆಡಳಿತದ ಭೂಗೋಳದಲ್ಲೂ ಇದೇ ಗುರುತು. ಇಂದಿನ ಶಿವಮೊಗ್ಗ ಜಿಲ್ಲೆಯ ಬಹುಭಾಗ ಸೇರಿದ್ದ ಪ್ರಾಂತಗಳು ಬನವಾಸಿ ಪನ್ನಿರ್ಛಾಸಿರ ಮತ್ತು ಸಾಂತಳಿಗೆ ಸಾಸಿರ. ‘ಸಾಸಿರ’ವು ‘ಸಹಸ್ರ’ದ ತದ್ಭವ, ಇಂದಿನ ಸಾವಿರ. ‘ಬನವಾಸಿ’ ವನವಾಸದ ವಕಾರ ಬಕಾರವಾದ ರೂಪ. ತಾಳಗುಂದದ ಹಳೆಯ ಹೆಸರು ಸಂಸ್ಕೃತ ಶಾಸನದಲ್ಲಿ ಸ್ಥಾಣಕುಂದೂರು, ಮುಂದೆ ಕನ್ನಡ ಶಾಸನಗಳಲ್ಲಿ ತಾಣಗುಂದೂರು. ಸ್ಥಾನ–ಠಾಣ–ತಾಣ ಎಂಬ ಸಾಲಿಗೇ ಅದು ಸೇರುತ್ತದೆ.

ಕೊಡುಕೊಳ್ಳುವಿಕೆ ಒಂದೇ ಕಡೆಯಿಂದ ನಡೆಯಲಿಲ್ಲ. ಸಾತವಾಹನ ಹಾಲನ ಹೆಸರಿನಲ್ಲಿರುವ ಗಾಥಾಸಪ್ತಶತಿಯೆಂಬ ಮಹಾರಾಷ್ಟ್ರಿ ಪ್ರಾಕೃತ ಸಂಕಲನದಲ್ಲಿ ತುಪ್ಪ, ಪೊಟ್ಟ (ಹೊಟ್ಟೆ), ತೀರ್ ಮೊದಲಾದ ದ್ರಾವಿಡ ಪದಗಳಿವೆ. ಅವುಗಳಲ್ಲಿ ಕೆಲವು ಕನ್ನಡದಿಂದಲೇ ಹೋದವೆಂದು ಕನ್ನಡ ವಿದ್ವಾಂಸರು ವಾದಿಸಿದ್ದಾರೆ.

ಜೈನ ಪರಂಪರೆಯಲ್ಲಿ ಪ್ರಾಕೃತ

ಶಾಸನ ಪ್ರಾಕೃತ ನಿಂತ ಮೇಲೂ ಧರ್ಮಗ್ರಂಥದ ಪ್ರಾಕೃತ ಕರ್ನಾಟಕದ ಜೈನರಲ್ಲಿ ಮುಂದುವರಿಯಿತು. ಷಟ್‌ಖಂಡಾಗಮದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದು ಬಂದವು. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನ ಗುರುಗಳಲ್ಲೊಬ್ಬನಾದ ನೇಮಿಚಂದ್ರ ಗೊಮ್ಮಟಸಾರವನ್ನು ಪ್ರಾಕೃತದಲ್ಲಿ ಬರೆದ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚವು ಸಾಂತರ ಅರಸರ ಕಾಲದಿಂದ ಜೈನ ಕೇಂದ್ರ. ಅಲ್ಲಿನ ಬಸದಿಗಳಲ್ಲಿ ಇಂದಿಗೂ ಪಠಿಸುವ ಣಮೋಕಾರ ಮಂತ್ರ ಪ್ರಾಕೃತದಲ್ಲಿದೆ. ‘ಬಸದಿ’ (ವಸತಿ–ವಸದಿ), ‘ಸವಣ’ (ಶ್ರಮಣ–ಸಮಣ) ಎಂಬ ಪದಗಳೂ ಅದೇ ಮೂಲದವು. ಶಿವಮೊಗ್ಗದ ಪಕ್ಕದ ಮತ್ತೂರಿನಲ್ಲಿ ಸಂಸ್ಕೃತವನ್ನು ಮಾತಾಡುವ ಪರಿಪಾಠವಿದೆ; ಪ್ರಾಕೃತಕ್ಕೆ ಅಂಥ ನೆಲೆ ನಾಡಿನಲ್ಲೆಲ್ಲೂ ಉಳಿದಿಲ್ಲ. ಅದು ಪಠಣದ ಮತ್ತು ಅಧ್ಯಯನದ ಭಾಷೆ ಮಾತ್ರ.

ಅಧ್ಯಯನ

ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಪೂರ್ತಿಯಾಗಿ ಓದಿದ ಮೇಲೆ ಈ ಬರಹಗಳ ಅಧ್ಯಯನ ಸಾಧ್ಯವಾಯಿತು. ಬನವಾಸಿಯ ನಾಗಶಿಲೆ ಮತ್ತು ಹಿರೇಹಡಗಲಿಯ ಪಟಗಳ ಪಾಠವನ್ನು ಸಿದ್ಧಪಡಿಸಿದವರು ಗೇಯಾರ್ಗ್ ಬ್ಯೂಲರ್. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದವರು ರೈಸ್. ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟು ತದ್ಭವಗಳನ್ನು ಪದಪದಕ್ಕೂ ಗುರುತಿಸುತ್ತದೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ (1906–1975) ಪ್ರವಚನಸಾರವೇ ಮೊದಲಾದ ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿ, ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮುಖ್ಯಸ್ಥರಾಗಿದ್ದರು. ಶಾಸನ ಪ್ರಾಕೃತಕ್ಕೂ ಕನ್ನಡ ತದ್ಭವಗಳಿಗೂ ಇರುವ ಸಂಬಂಧವನ್ನು ಕಾಲಾನುಕ್ರಮದಲ್ಲಿ ಬಿಡಿಸಿ ತೋರಿಸುವ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಯಾವ ಪದ ಸಾತವಾಹನರ ಕಾಲದಲ್ಲಿ ಆಡಳಿತದ ಮೂಲಕ ಬಂತು, ಯಾವುದು ಮುಂದೆ ಜೈನ ಗ್ರಂಥಗಳ ಮೂಲಕ ಬಂತು ಎಂಬುದನ್ನು ಬೇರ್ಪಡಿಸಿದರೆ ಕನ್ನಡ ಪದಸಂಪತ್ತಿನ ಇತಿಹಾಸದ ಒಂದು ದೊಡ್ಡ ಅಧ್ಯಾಯ ತೆರೆಯುತ್ತದೆ.

ಇಂದಿನ ಸ್ಥಿತಿ

ಕೇಂದ್ರ ಸಚಿವ ಸಂಪುಟ 2024ರ ಅಕ್ಟೋಬರ್ 3ರಂದು ಪಾಲಿ, ಮರಾಠಿ, ಬಂಗಾಳಿ, ಅಸ್ಸಾಮಿಗಳೊಂದಿಗೆ ಪ್ರಾಕೃತಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿತು. ಕರ್ನಾಟಕದಲ್ಲಿ ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆ ಈ ಭಾಷೆಯ ಬೋಧನೆ ಹಾಗೂ ಪ್ರಕಟಣೆಯಲ್ಲಿ ತೊಡಗಿದೆ. ಮಳವಳ್ಳಿ, ತಾಳಗುಂದ, ಬನವಾಸಿ ಮೂರನ್ನೂ ಶಿವಮೊಗ್ಗದಿಂದ ಹೊರಟು ಒಂದೇ ದಿನದಲ್ಲಿ ನೋಡಿಬರಬಹುದು. ಪ್ರಾಕೃತದ ಕೊನೆ, ಸಂಸ್ಕೃತದ ಪ್ರವೇಶ, ಕನ್ನಡದ ಮೊದಲ ಬರಹಗಳು ಇಷ್ಟು ಹತ್ತಿರ ಹತ್ತಿರ ಸಿಗುವ ಪ್ರದೇಶ ಕರ್ನಾಟಕದಲ್ಲಿ ಇನ್ನೊಂದಿಲ್ಲ. ತಾಳಗುಂದಕ್ಕೆ ಪ್ರವಾಸಿಗರೂ ವಿದ್ಯಾರ್ಥಿಗಳೂ ಬರುತ್ತಾರೆ. ಅದಕ್ಕಿಂತ ಹಳೆಯ ಮಳವಳ್ಳಿಯ ಕಂಬವನ್ನು ಹುಡುಕಿಕೊಂಡು ಹೋಗುವವರು ಬಹುಮಟ್ಟಿಗೆ ಶಾಸನ ಓದುವವರೇ.